ಕೋಪ ಕಡಿಮೆ ಮಾಡಿ, ಸಾಲದ ಲೆಕ್ಕ ಬರೆಯಿರಿ

ನಮಸ್ಕಾರ,

ಪಂಕ್ ರಾಕ್ ಸಂಗೀತದ ಮೊದಲ ವರ್ಷಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರಲ್ಲಿನ ಮೂರು ಸಾಲು ನನ್ನನ್ನು ಬಿಡಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ಬರೀ ಕೋಪ. 'ಬಂಡಾಯ', 'ಕಿಚ್ಚು', 'ಸ್ಫೋಟ'. ಯಾರ ಕೋಪ, ಯಾವ ಊರಲ್ಲಿ ಅಂತ ಗೊತ್ತೇ ಆಗುವುದಿಲ್ಲ. ಪಂಕ್‌ನವರ ಸೇಫ್ಟಿ ಪಿನ್ನು, ಹರಿದ ಅಂಗಿ ಎಲ್ಲರೂ ಬರೆದದ್ದೇ ಅಲ್ವಾ?

'1976ರಲ್ಲಿ ಲಂಡನ್ನಿನಲ್ಲಿ ಪಂಕ್ ಹುಟ್ಟಿತು' ಅಂದಿದ್ದೀರಿ. ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ರಾಮೋನ್ಸ್ ಅನ್ನುವ ಪಂಕ್ ತಂಡದವರು 1974ರ ಆಗಸ್ಟಿನಲ್ಲೇ ನುಡಿಸಿದ್ದರು. 'ಇವರ್ಯಾರಿಗೂ ನುಡಿಸಲು ಬರುತ್ತಿರಲಿಲ್ಲ' ಅನ್ನುವ ಸಾಲನ್ನೂ ತೆಗೆಯಿರಿ. ಅದೇ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ 'ಟೆಲಿವಿಷನ್' ಅನ್ನುವ ತಂಡದ ಗಿಟಾರ್ ಕೇಳಿದವರು ನಕ್ಕುಬಿಡುತ್ತಾರೆ.

ನಾಲ್ಕನೇ ಪುಟದಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡಕ್ಕೆ ಮೂರೇ ಸಾಲು ಕೊಟ್ಟು ಮುಂದೆ ಓಡಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ! ಆ ತಂಡ ಕಟ್ಟಿದ ಹೋವರ್ಡ್ ಡಿವೋಟೊ, ಪೀಟ್ ಶೆಲ್ಲಿ ಹತ್ತಿರದ ಬೋಲ್ಟನ್ನಿನಲ್ಲಿ ಓದುತ್ತಿದ್ದ ಹುಡುಗರು. ಪತ್ರಿಕೆಯಲ್ಲಿ ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಬಗ್ಗೆ ಓದಿ, ಹುಡುಕಿಕೊಂಡು ಹೋಗಿ ನೋಡಿ, 1976ರ ಜೂನ್ 4ಕ್ಕೆ ಅವರನ್ನು ಮ್ಯಾಂಚೆಸ್ಟರಿಗೆ ಕರೆಸಿದರು. ಆವತ್ತು ಇವರ ಸ್ವಂತ ತಂಡವೇ ನುಡಿಸಲು ತಯಾರಿರಲಿಲ್ಲ. ಡಿಸೆಂಬರ್ ಕೊನೆಗೆ, ಮನೆಯವರ, ಗೆಳೆಯರ ಹತ್ತಿರ ಮಾಡಿದ ಸುಮಾರು 500 ಪೌಂಡ್ ಸಾಲದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಯಾವ ದೊಡ್ಡ ಕಂಪನಿಗೂ ಕಾಯಲಿಲ್ಲ. 1977ರ ಜನವರಿಯಲ್ಲಿ ತಮ್ಮದೇ ರೆಕಾರ್ಡ್ ಲೇಬಲ್‌ನಿಂದ ಮೊದಲಿಗೆ 1000 ಪ್ರತಿ ತಂದರು.

ಆ ರೆಕಾರ್ಡಿನ ಕವರ್ ನೋಡಿ. ಯಾವ ಹಾಡು ಎಷ್ಟನೇ ಟೇಕ್, ಅಂದರೆ ಎಷ್ಟನೇ ಸಲ ನುಡಿಸಿ ರೆಕಾರ್ಡ್ ಮಾಡಿದ್ದು, ಆಮೇಲೆ ಗಿಟಾರ್ ಸೇರಿಸಿದ್ದಾರೋ ಇಲ್ಲವೋ, ಎಲ್ಲ ಅಚ್ಚು ಹಾಕಿಸಿದ್ದಾರೆ. ಮೂರು ಹಾಡು ಮೊದಲನೇ ಟೇಕಿನಲ್ಲೇ ಮುಗಿದಿವೆ! ಒಂದರ ಗಿಟಾರ್ ಸೋಲೋದಲ್ಲಿ ಇರುವುದೇ ಎರಡು ಸ್ವರ, ತಿರುಗಿ ತಿರುಗಿ ಅವೇ. ಕವರ್ ಓದಿದ ಹುಡುಗನಿಗೆ 'ಇಷ್ಟೇನಾ? ನಾವೂ ಮಾಡಬಹುದಲ್ಲ' ಅನಿಸದೆ ಇರುತ್ತದೆಯೇ? ನೀವು ಎರಡು ಪುಟ 'ಕ್ರಾಂತಿ' ಅಂತ ಕೂಗಿದ್ದು ಇದನ್ನೇ. ಸುಮ್ನೆ ಆ ಸಾಲ, ಆ ಟೇಕು, ಆ ಕವರು ತೋರಿಸಿ. ಮಿಕ್ಕದ್ದು ಓದುಗರಿಗೆ ಹೊಳೆಯುತ್ತದೆ.

ಪಿಸ್ಟಲ್ಸ್ ಟೀವಿಯಲ್ಲಿ ಬೈದ ಗಲಾಟೆಗೆ ಒಂದು ಸಾಲು ಕೊಟ್ಟರೂ ಜಾಸ್ತಿಯೇ. ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಅದಕ್ಕೂ ಮೊದಲು ಆ ನಾಲ್ಕು ಹಾಡು ಕೇಳಿ. ಕೇಳದೆ ಬರೆದಿದ್ದೀರಿ ಅಂತ ನನಗೆ ಗುಮಾನಿ.