ಆ ಕೈ ಅಲ್ಲಿಗೆ ಹೇಗೆ ಬಂತು? ಟಿವಿ ಸರಣಿಗಳ ಬಗ್ಗೆ ಬರೆಯುವವರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಟಿವಿ ಸರಣಿಗಳ ಅಭಿಮಾನಿ ಬಳಗಕ್ಕೆ ವಿಶ್ಲೇಷಣೆ ಬರೆಯುವುದು. ಅಭಿಮಾನಿಗಳು ಇಂಥ ಬರಹವನ್ನು 'ಮೆಟಾ' ಎನ್ನುತ್ತಾರೆ. ನಾನು ಇದನ್ನು ಬರೆಯಲು ಶುರು ಮಾಡಿ ಬಹಳ ಕಾಲವಾಯಿತು. ಸರಣಿಗಳು ಮುಗಿದುಹೋದರೂ ಅವುಗಳ ಜೊತೆ ನನ್ನ ವಾದ ಮುಗಿದಿಲ್ಲ. ಹಾಗಾಗಿ ಉತ್ತರ ಹೇಳುವ ಅರ್ಹತೆ ಇದೆಯೋ ಇಲ್ಲವೋ, ಚಪಲವಂತೂ ಇದೆ. ಮುಂದೆ ಓದುವಾಗ ಕೆಲವು ಕಥೆಗಳ ಗುಟ್ಟು ರಟ್ಟಾಗುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಪ್ರಶ್ನೆ: ಕೆಲವು ದೃಶ್ಯಗಳು ಮನಸ್ಸಿನಿಂದ ಹೋಗುವುದೇ ಇಲ್ಲ. ಆದರೆ ಬರೆಯಲು ಕೂತರೆ 'ಸೂಪರ್ ಆಗಿತ್ತು' ಅನ್ನುವುದು ಬಿಟ್ಟು ಮುಂದೆ ಹೋಗುವುದಿಲ್ಲ. ನೀವು ಎಲ್ಲಿಂದ ಶುರು ಮಾಡುತ್ತೀರಿ ಮೇಡಂ?

ಕೈ, ಕಾಲು, ಬಾಗಿಲು, ಕುರ್ಚಿಗಳಿಂದ. ಭಾವನೆಯಿಂದ ಶುರು ಮಾಡಿದರೆ ನಿಮ್ಮ ಹಾಗೇ ನಾನೂ 'ಸೂಪರ್' ಹತ್ತಿರ ನಿಂತುಬಿಡುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. 'ಮ್ಯಾಡ್ ಮೆನ್' ಶುರುವಾಗಿದ್ದು 2007ರಲ್ಲಿ. 1960ರ ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿಯ ಕಥೆ. ಮೊದಲ ಎಪಿಸೋಡಿನಲ್ಲಿ ಪೆಗ್ಗಿ ಹೊಸದಾಗಿ ಕೆಲಸಕ್ಕೆ ಸೇರಿದ ಸೆಕ್ರೆಟರಿ. ಬಾಸ್ ಡಾನ್ ಡ್ರೇಪರ್ ಕೈಯ ಮೇಲೆ ತನ್ನ ಕೈ ಇಡುತ್ತಾಳೆ. ನಾನು ನಿನ್ನ ಬಾಸ್, ಬಾಯ್‌ಫ್ರೆಂಡ್ ಅಲ್ಲ ಎಂದು ಅವನು ಅಲ್ಲೇ ತಡೆಯುತ್ತಾನೆ. ಈಗ ನಾಲ್ಕನೇ ಸೀಸನ್ನಿಗೆ ಬನ್ನಿ. 2010ರಲ್ಲಿ ಬಂದ 'ದಿ ಸೂಟ್‌ಕೇಸ್' ಎನ್ನುವ ಎಪಿಸೋಡ್. ಪೆಗ್ಗಿಯ ಹುಟ್ಟುಹಬ್ಬದ ರಾತ್ರಿ. ಒಂದು ಸೂಟ್‌ಕೇಸ್ ಜಾಹೀರಾತಿಗಾಗಿ ಇಬ್ಬರೂ ರಾತ್ರಿಯಿಡೀ ಆಫೀಸಿನಲ್ಲಿ ಜಗಳ ಆಡುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ. ತನ್ನನ್ನು ನಿಜವಾಗಿ ಬಲ್ಲ ಒಬ್ಬಳೇ ಒಬ್ಬಳು ತೀರಿಕೊಂಡಳು ಎಂಬ ಸುದ್ದಿ ಡಾನ್‌ಗೆ ಬೆಳಗ್ಗೆ ಸಿಗುತ್ತದೆ. ಪೆಗ್ಗಿಯ ಎದುರೇ ಅಳುತ್ತಾನೆ. ಆಮೇಲೆ, ಕೆಲಸದ ಮಾತಿನ ನಡುವೆ, ತನ್ನ ಕೈಯನ್ನು ಅವಳ ಕೈಯ ಮೇಲೆ ಇಡುತ್ತಾನೆ. ಯಾರೂ ಏನೂ ಹೇಳುವುದಿಲ್ಲ. ಹೊರಡುವಾಗ ಬಾಗಿಲು ತೆರೆದಿರಲಾ, ಮುಚ್ಚಲಾ ಎಂದು ಅವಳು ಕೇಳುತ್ತಾಳೆ. ತೆರೆದಿರಲಿ ಅನ್ನುತ್ತಾನೆ.

ಇದನ್ನು ನೋಡಿದ ಮೇಲೆ ನಾನು ಮಾಡಿದ್ದು ಇಷ್ಟೇ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಗಡೆ ಮೊದಲ ಎಪಿಸೋಡ್, ಬಲಗಡೆ ಇದು. ಯಾರ ಕೈ ಮೇಲಿದೆ, ಯಾರದ್ದು ಕೆಳಗಿದೆ. ಯಾರು ಮೊದಲು ಮುಟ್ಟಿದರು. ಕೈ ತೆಗೆದರಾ, ಬಿಟ್ಟರಾ. ಯಾರಾದರೂ ಮಾತಾಡಿದರಾ. ಒಂದೇ ಒಂದು ವಿಶೇಷಣ ಬರೆಯಲಿಲ್ಲ. 'ಮನ ಮುಟ್ಟುವ', 'ಅದ್ಭುತ' ಎಲ್ಲಕ್ಕೂ ನಿಷೇಧ. ಪಟ್ಟಿ ಮುಗಿಯುವ ಹೊತ್ತಿಗೆ ಒಂದು ವಾಕ್ಯ ತಾನಾಗೇ ಬಂತು: ಮೊದಲ ದಿನ ಪೆಗ್ಗಿಯ ಕೈ ಬಂದಿದ್ದು ಕೆಲಸ ಉಳಿಸಿಕೊಳ್ಳಲು, ಇಂಥ ಆಫೀಸಿನಲ್ಲಿ ಹೀಗೇ ನಡೆದುಕೊಳ್ಳಬೇಕು ಎಂದು ಅವಳಿಗೆ ಆ ದಿನವಿಡೀ ಹೇಳಿಕೊಟ್ಟಿದ್ದರಿಂದ, ಡಾನ್‌ನ ಕೈ ಬಂದಿದ್ದು ಅವನಿಗೆ ಬೇರೆ ಯಾರೂ ಉಳಿದಿಲ್ಲದ್ದರಿಂದ. ಇಡೀ ಪ್ರಬಂಧ ಆ ವಾಕ್ಯದ ಮೇಲೆ ನಿಂತಿತು. ಇಬ್ಬರಿಗೂ ಪ್ರೀತಿ ಹುಟ್ಟಿತು ಎಂದು ವಾದಿಸುವವರು ಬಹಳ ಜನ ಇದ್ದಾರೆ. ಅವರಿಗೆ ನಾನು ತೋರಿಸುವುದು ಆ ತೆರೆದ ಬಾಗಿಲನ್ನು.

ಇನ್ನೊಂದು ಮಾತು. ಮೆಟಾ ಓದುವವರು ಸರಣಿಯನ್ನು ಆಗಲೇ ನೋಡಿದವರು, ಬಹುಶಃ ನಿಮಗಿಂತ ಜಾಸ್ತಿ ಸಲ. ಅವರಿಗೆ ಕಥೆ ಹೇಳಬೇಡಿ. ನನಗೆ ಬರುವ ಕರಡುಗಳಲ್ಲಿ ಮೊದಲ ಎರಡು ಪ್ಯಾರಾ ಯಾವಾಗಲೂ ಕಥಾಸಾರ. ಅದನ್ನು ಕಿತ್ತು ಹಾಕಿದರೆ ಮೂರನೇ ಪ್ಯಾರಾದಲ್ಲಿ ಪಾಪ, ಒಂದು ಒಳ್ಳೇ ಪ್ರಬಂಧ ಉಸಿರು ಬಿಗಿಹಿಡಿದು ಕೂತಿರುತ್ತದೆ.

ಪ್ರಶ್ನೆ: ಗೋಡೆಯ ಬಣ್ಣ, ಟೇಬಲ್ ಮೇಲಿನ ಲೋಟ, ಹಿಂದಿನ ಪೋಸ್ಟರ್, ಎಲ್ಲದಕ್ಕೂ ಅರ್ಥ ಹಚ್ಚುತ್ತೇನೆ ಎಂದು ಗೆಳೆಯರು ನಗುತ್ತಾರೆ. ಬೇಕಂತಲೇ ಇಟ್ಟಿದ್ದು ಯಾವುದು, ಸುಮ್ನೆ ಇದ್ದದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಲೋಟದ ಮಾತು ಬಂದಿದ್ದು ಒಳ್ಳೆಯದೇ ಆಯಿತು. 2019ರ ಮೇ ತಿಂಗಳಲ್ಲಿ 'ಗೇಮ್ ಆಫ್ ಥ್ರೋನ್ಸ್' ಕೊನೆಯ ಸೀಸನ್ನಿನ ನಾಲ್ಕನೇ ಎಪಿಸೋಡಿನಲ್ಲಿ, ರಾಣಿ ಡೆನೇರಿಸ್ ಮುಂದೆ ಔತಣದ ಮೇಜಿನ ಮೇಲೆ ಒಂದು ಕಾಫಿ ಕಪ್ ಕಾಣಿಸಿತು. ಈ ಕಾಲದ ಕಪ್, ಮುಚ್ಚಳದ ಸಮೇತ. ಯಾರೋ ಶೂಟಿಂಗ್ ವೇಳೆ ಮರೆತು ಬಿಟ್ಟಿದ್ದರು. ಸರಣಿಯ ಚಾನೆಲ್ ಎಚ್‌ಬಿಒ ಅದು ತಪ್ಪು ಎಂದು ಒಪ್ಪಿಕೊಂಡು, ರಾಣಿ ಆರ್ಡರ್ ಮಾಡಿದ್ದು ಗಿಡಮೂಲಿಕೆ ಚಹಾ ಎಂದು ತಮಾಷೆಯನ್ನೂ ಮಾಡಿತು. ಎರಡು ದಿನದಲ್ಲಿ ಕಪ್ಪನ್ನು ದೃಶ್ಯದಿಂದ ಅಳಿಸಿದರು. ಅಷ್ಟು ದುಡ್ಡು, ಅಷ್ಟು ಜನ ಇರುವ ಸರಣಿಯಲ್ಲೂ ಹೀಗಾಗುತ್ತದೆ. ಇದು ನೆನಪಿರಲಿ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ 'ಬ್ರೇಕಿಂಗ್ ಬ್ಯಾಡ್' ಎರಡನೇ ಸೀಸನ್, 2009ರದ್ದು. ಕೆಲವು ಎಪಿಸೋಡುಗಳ ಆರಂಭದಲ್ಲಿ ಕಪ್ಪು-ಬಿಳುಪಿನ ಒಂದು ದೃಶ್ಯ: ಈಜುಕೊಳದ ನೀರಿನಲ್ಲಿ ತೇಲುವ ಗೊಂಬೆ ಕರಡಿ. ಅದೊಂದಕ್ಕೆ ಮಾತ್ರ ಗುಲಾಬಿ ಬಣ್ಣ. ಹಾಗೆ ಶುರುವಾಗುವ ನಾಲ್ಕು ಎಪಿಸೋಡುಗಳ ಹೆಸರು ಸಾಲಾಗಿ ಓದಿ: 'ಸೆವೆನ್ ಥರ್ಟಿ-ಸೆವೆನ್', 'ಡೌನ್', 'ಓವರ್', 'ಎಬಿಕ್ಯು'. ಎಬಿಕ್ಯು ಎಂದರೆ ಕಥೆ ನಡೆಯುವ ಆಲ್ಬುಕರ್ಕಿ. ಆ ಊರಿನ ಮೇಲೆ 737 ವಿಮಾನ ಬೀಳುತ್ತದೆ! ಸೀಸನ್ನಿನ ಕೊನೆಯಲ್ಲಿ ಆಗುವುದೂ ವಿಮಾನ ದುರಂತವೇ. ಇದನ್ನು ಮೊದಲ ಸಲ ಸಾಲಾಗಿ ಬರೆದು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಕಪ್ಪಿನ ಹತ್ತಿರ ಕ್ಯಾಮೆರಾ ಹೋಗಲೇ ಇಲ್ಲ, ಅದು ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು. ಕರಡಿಯನ್ನು ತೋರಿಸಲೆಂದೇ ಕ್ಯಾಮೆರಾ ನೀರಿಗಿಳಿದಿದೆ, ಬಣ್ಣ ಹಾಕಿದ್ದಾರೆ, ಮತ್ತೆ ಮತ್ತೆ ಅಲ್ಲಿಗೇ ಬಂದಿದ್ದಾರೆ. ಯಾರೋ ಅದಕ್ಕಾಗಿ ಖರ್ಚು ಮಾಡಿದ್ದಾರೆ, ಸಮಯ ಕೊಟ್ಟಿದ್ದಾರೆ. ಇದೇ ಸರಣಿಯ ಮರೀ ಎನ್ನುವ ಪಾತ್ರದ ನೇರಳೆ ಬಣ್ಣವೂ ಹಾಗೇ. ಬಟ್ಟೆ ಮಾತ್ರ ಅಲ್ಲ, ಮನೆಯೊಳಗಿನ ಸಾಮಾನಿನಲ್ಲೂ ಅದೇ. ಒಂದು ದಿನ ನೇರಳೆ ಸ್ವೆಟರ್ ಹಾಕಿದ್ದರೆ ಅದು ಸ್ವೆಟರ್ ಅಷ್ಟೇ.

ನಿಮ್ಮ ಗೆಳೆಯರು ನಗಲಿ ಬಿಡಿ. ಆದರೆ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಆ ದೃಶ್ಯವನ್ನು ಸೌಂಡ್ ಪೂರ್ತಿ ಆಫ್ ಮಾಡಿ ನೋಡಿ. ಸಂಭಾಷಣೆ ನಮ್ಮ ಕಣ್ಣನ್ನು ಮುಖದ ಮೇಲೇ ಕಟ್ಟಿಹಾಕುತ್ತದೆ. ಮಾತಿಲ್ಲದಿದ್ದರೆ ಕ್ಯಾಮೆರಾ ಎಲ್ಲಿ ನಿಂತಿದೆ, ಎಷ್ಟು ಹೊತ್ತು ನಿಂತಿದೆ ಎಂಬುದು ತಾನಾಗಿ ಕಾಣುತ್ತದೆ.

ಪ್ರಶ್ನೆ: ಒಂದು ತಿರುವಿನ ಬಗ್ಗೆ ಉದ್ದಕ್ಕೆ ಬರೆದೆ. ಆಮೇಲೆ ಗೊತ್ತಾಯಿತು, ನಟಿ ಗರ್ಭಿಣಿಯಾಗಿದ್ದರಿಂದ ಕಥೆ ಬದಲಾಯಿಸಿದ್ದರಂತೆ. ಹಾಗಿದ್ದರೆ ಅದಕ್ಕೆ ಅರ್ಥ ಹುಡುಕುವುದೇ ದಡ್ಡತನ ಅಲ್ವಾ?

ನೀವು ಸರಣಿಯ ಹೆಸರು ಬರೆದಿಲ್ಲ. ನನಗೆ ಕೂಡಲೇ ನೆನಪಾದದ್ದು 'ಎಕ್ಸ್-ಫೈಲ್ಸ್', ವಿಚಿತ್ರ ಪ್ರಕರಣಗಳ ಬೆನ್ನು ಹತ್ತುವ ಮೋಲ್ಡರ್ ಮತ್ತು ಸ್ಕಲ್ಲಿ ಎಂಬ ಇಬ್ಬರು ಪತ್ತೇದಾರರ ಕಥೆ. 1994ರಲ್ಲಿ, ಎರಡನೇ ಸೀಸನ್ನಿನ ಹೊತ್ತಿಗೆ, ಸ್ಕಲ್ಲಿ ಪಾತ್ರದ ಜಿಲಿಯನ್ ಆಂಡರ್ಸನ್ ಗರ್ಭಿಣಿ. ಸ್ವಲ್ಪ ದಿನ ದೊಡ್ಡ ಕೋಟು ಹಾಕಿಸಿ, ಕ್ಯಾಮೆರಾ ಮೇಲಕ್ಕೆತ್ತಿ ಸುಧಾರಿಸಿದರು. ಆಮೇಲೆ ಸ್ಕಲ್ಲಿಯನ್ನು ಅಪಹರಣ ಮಾಡಿಸಿದರು. ಹೆರಿಗೆಯಾಗಿ ಮರಳಿದ ಮೇಲೆ ಪಾತ್ರವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಮಲಗಿಸಿದರು. ಎಲ್ಲವೂ ಅನಿವಾರ್ಯ. ಆದರೆ ಆಮೇಲೆ ಏನಾಯಿತು? ಕುತ್ತಿಗೆಯಲ್ಲಿ ಸಿಕ್ಕ ಚಿಪ್, ಕ್ಯಾನ್ಸರ್, ಮಕ್ಕಳಾಗುವುದಿಲ್ಲ ಎಂಬ ಸತ್ಯ, ಎಲ್ಲವೂ ಆ ಅಪಹರಣದಿಂದಲೇ ಬೆಳೆದವು. ವರ್ಷಗಟ್ಟಲೆಯ ಕಥೆ ನಿಂತಿದ್ದು ಅದರ ಮೇಲೆ. ನಟಿಯ ರಜೆ ಕಾರಣ ಅಂತ ಗೊತ್ತಾದ ಮಾತ್ರಕ್ಕೆ ಸ್ಕಲ್ಲಿಯ ನೋವು ಕಡಿಮೆ ಆಗುತ್ತದೆಯೇ?

ಅಭಿಮಾನಿಗಳು ಇದಕ್ಕೆ ಎರಡು ದಾರಿ ಮಾಡಿಕೊಂಡಿದ್ದಾರೆ. ಕಥೆಯ ಒಳಗಿನಿಂದ ಕೊಡುವ ಉತ್ತರಕ್ಕೆ ಶೆರ್ಲಾಕ್ ಹೋಮ್ಸ್ ಕಥೆಗಳನ್ನು ಹೇಳುವ ಗೆಳೆಯ ವಾಟ್ಸನ್ ಹೆಸರು, ಹೊರಗಿನಿಂದ ಕೊಡುವ ಉತ್ತರಕ್ಕೆ ಅವನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಹೆಸರು. ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು 1887ರ ಮೊದಲ ಕಥೆಯಲ್ಲಿ ಭುಜಕ್ಕೆ. 1890ರ ಎರಡನೇ ಕಥೆಯಲ್ಲಿ ಕಾಲಿಗೆ! ಡಾಯ್ಲ್ ಮರೆತರು ಎನ್ನುವುದು ಹೊರಗಿನ ಉತ್ತರ. 2010ರಲ್ಲಿ ಬಿಬಿಸಿಯ 'ಶೆರ್ಲಾಕ್' ಏನು ಮಾಡಿತು ಗೊತ್ತಾ? ಗಾಯ ಭುಜಕ್ಕೆ, ಕುಂಟುವುದು ಮಾತ್ರ ಮನಸ್ಸಿನ ಕಾಯಿಲೆ. ಶೆರ್ಲಾಕ್ ಹಿಂದೆ ಓಡುವ ಭರದಲ್ಲಿ ಊರುಗೋಲು ಮರೆತೇ ಹೋಗುತ್ತದೆ. ಮರೆವಿನಿಂದ ಆದ ಎಡವಟ್ಟಿನಿಂದಲೇ ಒಂದು ಪಾತ್ರಕ್ಕೆ ಜೀವ ಬಂತು. ಇದು ಕೂಡ ಮೆಟಾ, ಬರೆದದ್ದು ಚಿತ್ರಕಥೆಯಲ್ಲಿ ಅಷ್ಟೇ.

ಹಾಗಾಗಿ ನಿಮ್ಮ ಪ್ರಬಂಧ ಹರಿದು ಹಾಕಬೇಡಿ. ಹೊರಗಿನ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ, ಮುಂದೆ ಹೋಗಿ. ಮುಚ್ಚಿಟ್ಟರೆ ಮಾತ್ರ ತಪ್ಪಾಗುತ್ತದೆ.

ಪ್ರಶ್ನೆ: ಎಷ್ಟು ಉದ್ದ ಇರಬೇಕು? ಸ್ಕ್ರೀನ್‌ಶಾಟ್ ಹಾಕಬೇಕಾ?

ವಾದ ಮುಗಿಯುವಷ್ಟು. ಸ್ಕ್ರೀನ್‌ಶಾಟ್ ಹಾಕಿ, ಆದರೆ ಚಿತ್ರದಲ್ಲಿ ಏನು ನೋಡಬೇಕು ಎಂದು ಬರೆಯಲು ಸೋಮಾರಿತನ ಮಾಡಬೇಡಿ. ಸೀಸನ್, ಎಪಿಸೋಡ್, ನಿಮಿಷ ಮೂರೂ ಇರಲಿ. ಓದುವವರು ತಕ್ಷಣ ಹೋಗಿ ಪರೀಕ್ಷೆ ಮಾಡುತ್ತಾರೆ, ಮಾಡಲೇಬೇಕು.

ಪ್ರಶ್ನೆ: ಮುಂದಿನ ಸೀಸನ್ನಿನಲ್ಲಿ ಏನಾಗುತ್ತದೆ ಎಂದು ಸಾಕ್ಷಿ ಸಮೇತ ಬರೆದಿದ್ದೆ. ಎಲ್ಲರೂ ಒಪ್ಪಿದ್ದರು. ಆದರೆ ಹಾಗಾಗಲಿಲ್ಲ. ನಿರ್ದೇಶಕರು ಮೋಸ ಮಾಡಿದರು ಅನ್ನಿಸುತ್ತಿದೆ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಯಾರು ಮಾತು ಕೊಟ್ಟಿದ್ದರು ಹೇಳಿ? 'ಶೆರ್ಲಾಕ್' ಕಥೆಯನ್ನೇ ನೋಡಿ. ಪ್ರತಿ ಸೀಸನ್ನಿಗೆ ಮೂರೇ ಎಪಿಸೋಡು. 2017ರ ಜನವರಿ 15ಕ್ಕೆ ನಾಲ್ಕನೇ ಸೀಸನ್ ಮುಗಿಯಿತು. ಅಭಿಮಾನಿಗಳಲ್ಲಿ ಒಂದು ಗುಂಪಿಗೆ ಆ ಮುಕ್ತಾಯ ಒಪ್ಪಿಗೆಯಾಗಲಿಲ್ಲ. ಬಚ್ಚಿಟ್ಟ ನಾಲ್ಕನೇ ಎಪಿಸೋಡ್ ಇದೆ, ಮುಂದಿನ ಭಾನುವಾರ ಬರಲಿರುವ ಇನ್ನೊಂದು ಸರಣಿಯ ಹೆಸರು ಬರೀ ನೆಪ ಎಂದು ಅವರು ನಂಬಿದರು. ಜನವರಿ 22 ಬಂತು. ಆ ಇನ್ನೊಂದು ಸರಣಿಯೇ ಪ್ರಸಾರವಾಯಿತು.

ಆ ಗುಂಪಿನವರ ಬರಹ ಓದಿದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ಎಂಥ ಕಣ್ಣು ಅವರದ್ದು! ಬೆಳಕು, ಕನ್ನಡಿ, ಪಾತ್ರಗಳು ನಿಲ್ಲುವ ಜಾಗ, ಯಾವುದನ್ನೂ ಬಿಟ್ಟಿಲ್ಲ. ಕಂಡದ್ದನ್ನು ಓದುತ್ತಿದ್ದವರು ಬರಲಿರುವುದನ್ನು ಸಾರಲು ಹೊರಟಾಗ ಮಾತ್ರ ಪೆಟ್ಟು ಬಿತ್ತು. ಬರೆಯುವವರಿಗೇ ಎಷ್ಟೋ ಸಲ ಮುಂದಿನದು ಗೊತ್ತಿರುವುದಿಲ್ಲ. 'ಬ್ರೇಕಿಂಗ್ ಬ್ಯಾಡ್'ನ ಜೆಸ್ಸಿಯನ್ನು ಮೊದಲ ಸೀಸನ್ನಿನಲ್ಲೇ ಸಾಯಿಸುವ ಯೋಚನೆ ಇತ್ತು. ಆರನ್ ಪಾಲ್ ನಟನೆ ನೋಡಿ ಮನಸ್ಸು ಬದಲಾಯಿಸಿದರು. ಕೊನೆಯ ತನಕ ಬದುಕಿದ. ಆಗ ಯಾರಾದರೂ ಅವನ ಸಾವನ್ನು ಸಾಕ್ಷಿ ಸಮೇತ ಊಹಿಸಿದ್ದರೆ ಅವರ ತರ್ಕದಲ್ಲಿ ಏನೂ ತಪ್ಪಿರುತ್ತಿರಲಿಲ್ಲ, ಅಲ್ವಾ?

ನೀವು ಗುರುತಿಸಿದ ವಿವರಗಳು ಈಗಲೂ ಪರದೆಯ ಮೇಲೆ ಇವೆ. 'ಹೀಗಾಗುತ್ತದೆ' ಎಂಬ ಸಾಲುಗಳನ್ನು ತೆಗೆದು, 'ಇಲ್ಲಿಯವರೆಗೆ ಹೀಗಿದೆ' ಎಂದು ತಿದ್ದಿ ನೋಡಿ. ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಇಷ್ಟು ಸಿದ್ಧತೆ ಮಾಡಿ ಈ ದಾರಿ ಯಾಕೆ ಬಿಟ್ಟರು ಎಂಬ ಪ್ರಶ್ನೆಯಿಂದ ಹೊಸ ಪ್ರಬಂಧವನ್ನೇ ಬರೆಯಬಹುದು.

ಪ್ರಶ್ನೆ: ನಾಯಕನ ಹೆಂಡತಿಯ ಪಾತ್ರದ ಪರವಾಗಿ ಬರೆದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದರು. ಬರೆಯುವುದೇ ಬೇಡ ಅನ್ನಿಸಿದೆ.

'ಬ್ರೇಕಿಂಗ್ ಬ್ಯಾಡ್' ನಾಯಕನ ಹೆಂಡತಿ ಸ್ಕೈಲರ್ ವೈಟ್ ಬಗ್ಗೆ ಬರೆದಿರಾ ಎಂಬ ಅನುಮಾನ ನನಗೆ! ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ದ್ವೇಷದ ಬಗ್ಗೆಯೇ ಲೇಖನ ಬರೆದರು. ಪಾತ್ರದ ಮೇಲಿನ ಸಿಟ್ಟು ನಟಿಯ ಮೇಲೂ ತಿರುಗಿತ್ತು. ಗಂಡ ಮಾದಕ ವಸ್ತು ತಯಾರಿಸುತ್ತಾನೆ, ಕೊಲ್ಲುತ್ತಾನೆ, ಸುಳ್ಳು ಹೇಳುತ್ತಾನೆ. ಜನಕ್ಕೆ ತಡೆಯಲಾಗದ್ದು ಹೆಂಡತಿಯ ಕಿರಿಕಿರಿ. ಇದು ಯಾಕೆ ಹೀಗೆ ಎಂದರೆ ಸರಣಿಯ ಬಹುಪಾಲು ಗಂಡನ ಭುಜದ ಹಿಂದಿನಿಂದ ಹೇಳಲಾಗಿದೆ. ಯಾರ ಗುಟ್ಟು ನಮಗೂ ಗೊತ್ತೋ ಅವರ ಕಡೆಗೇ ನಾವು ವಾಲುತ್ತೇವೆ. ನಿಮ್ಮ ಮುಂದಿನ ಪ್ರಬಂಧದಲ್ಲಿ ಇದನ್ನು ದೃಶ್ಯ ದೃಶ್ಯವಾಗಿ ತೋರಿಸಿ. ನೋಡುಗರ ಸ್ವಭಾವದ ತಂಟೆಗೆ ಹೋಗಬೇಡಿ, 'ಇವಳನ್ನು ಬೈಯುವವರೆಲ್ಲ ಹೀಗೇ' ಎಂಬ ಒಂದು ಸಾಲು ಸಾಕು, ವಾದ ಸತ್ತು ಜಗಳ ಉಳಿಯುತ್ತದೆ. ಬಾಯಿಗೆ ಬಂದಂತೆ ಬೈದವರಿಗೆ ಉತ್ತರ ಕೊಡಬೇಡಿ. ಎಪಿಸೋಡ್ ನಂಬರ್ ಕೊಟ್ಟು ಬೈದವರಿಗೆ ಮಾತ್ರ ಕೊಡಿ.

ಪ್ರಶ್ನೆ: ಮನೆಯಲ್ಲಿ ಇದನ್ನು ಹೊಸ ಕಾಲದ ಹುಚ್ಚು, ಟೈಂ ವೇಸ್ಟ್ ಅನ್ನುತ್ತಾರೆ. ಏನು ಹೇಳಲಿ?

ಹೊಸದಲ್ಲ ಎಂದು ಹೇಳಿ. ಶೆರ್ಲಾಕ್ ಕಥೆಗಳ ತಾರೀಕು, ಗಾಯ, ಎಡವಟ್ಟುಗಳನ್ನು ಧರ್ಮಗ್ರಂಥದ ಪಂಡಿತರ ಧಾಟಿಯಲ್ಲಿ ಪರೀಕ್ಷಿಸುವ ಪ್ರಬಂಧವನ್ನು ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಲೇಖಕರು ಬರೆದು ಸಭೆಯಲ್ಲಿ ಓದಿದ್ದು 1911ರಲ್ಲಿ. 'ಸ್ಟಾರ್ ಟ್ರೆಕ್' ಶುರುವಾದದ್ದು 1966ರಲ್ಲಿ. ಮರುವರ್ಷವೇ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆ ತಂದರು. ವೇಸ್ಟ್ ಹೌದೋ ಅಲ್ಲವೋ ಎನ್ನುವುದನ್ನು ನಾನು ಹೇಳಲಾರೆ, ನಿಮ್ಮ ಮನೆಯವರನ್ನು ಕಂಡಿಲ್ಲ.

ಪ್ರಶ್ನೆ: ನೀವು ಈಗ ಏನು ಬರೆಯುತ್ತಿದ್ದೀರಿ?

'ಎಕ್ಸ್-ಫೈಲ್ಸ್' ಮತ್ತೆ ನೋಡುತ್ತಿದ್ದೇನೆ. ಈ ಸಲ ಮೋಲ್ಡರ್-ಸ್ಕಲ್ಲಿ ಫೋನಿನಲ್ಲಿ ಮಾತಾಡುವ ದೃಶ್ಯಗಳು ಮಾತ್ರ. ಯಾರು ಮೊದಲು ಹೆಸರು ಹೇಳುತ್ತಾರೆ, ಯಾರು ಪಟ್ಟನೆ ಇಡುತ್ತಾರೆ, ಲೈನ್ ಯಾವಾಗ ಕಟ್ ಆಗುತ್ತದೆ. ಎದುರಿಗೆ ಇದ್ದಾಗ ಆಡದ ಮಾತನ್ನು ಇವರು ಫೋನಿನಲ್ಲಿ ಆಡುತ್ತಾರಾ ಎಂದು ನೋಡುತ್ತಿದ್ದೇನೆ. ವಾದ ಇನ್ನೂ ಗಟ್ಟಿಯಾಗಿಲ್ಲ. ನಿಮಗೆ ನೆನಪಿರುವ ಫೋನ್ ದೃಶ್ಯ ಇದ್ದರೆ ಬರೆದು ಕಳಿಸಿ. ಸೀಸನ್, ಎಪಿಸೋಡ್, ನಿಮಿಷ ಮರೆಯಬೇಡಿ.