ಪ್ರತಿಕ್ರಿಯೆ: ವರದಿ, ನುಡಿಚಿತ್ರ ಹೇಳಿಕೊಡುವುದು ಹೇಗೆ?
ಏಳನೇ ತರಗತಿಯ ಗೋಡೆ ಪತ್ರಿಕೆಗೆ ವರದಿಗೂ ನುಡಿಚಿತ್ರಕ್ಕೂ ಇರುವ ವ್ಯತ್ಯಾಸ ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೀರಿ ಮೇಡಂ. ಒಂದೇ ಘಟನೆಯನ್ನು ಎರಡು ಸಲ ಬರೆಸಿ. ‘ಮೋಟರ್ ಸುಟ್ಟು ಸೋಮವಾರದಿಂದ ಶಾಲೆಯಲ್ಲಿ ನೀರಿಲ್ಲ’ ಅನ್ನುವುದು ವರದಿ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಲ್ಲ ಮೊದಲಿಗೇ ಬರಬೇಕು. ಜಾಗ ಸಾಲದೆ ಕೊನೆಯ ಸಾಲು ಕತ್ತರಿಸಿದರೂ ಸುದ್ದಿ ಉಳಿಯಬೇಕು. ಅದೇ ದಿನ ಬಿಸಿಯೂಟದ ಅಕ್ಕ ಕೊಡ ಹೊತ್ತು ಎಷ್ಟು ಸಲ ಓಡಾಡಿದರು, ಒಂದು ಚೊಂಬು ನೀರಲ್ಲಿ ಎಷ್ಟು ತಟ್ಟೆ ತೊಳೆದರು ಅಂತ ಕಣ್ಣಾರೆ ಕಂಡು ಬರೆದರೆ ನುಡಿಚಿತ್ರ. ‘ಬೇಗ ರಿಪೇರಿ ಮಾಡಿಸಬೇಕು’ ಅನ್ನುವ ಮಾತು ಸಂಪಾದಕೀಯಕ್ಕೆ ಸೇರಿದ್ದು. ಅದು ವರದಿಯೊಳಗೆ ನುಸುಳಿದರೆ ಮಕ್ಕಳಿಂದಲೇ ಗೆರೆ ಹಾಕಿಸಿ. ಮೊದಲ ಸಂಚಿಕೆ ಜುಲೈ 1ಕ್ಕೆ ತನ್ನಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ಅದೇ ದಿನ.