ಘಟಿಕೋತ್ಸವದ ದಿನದ ಫೋಟೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳ ಘಟಿಕೋತ್ಸವಕ್ಕೆ ಅಜ್ಜಿಯಿಂದ ಹಿಡಿದು ಮೂರು ವರ್ಷದ ಮಗುವಿನವರೆಗೆ ಒಟ್ಟು 14 ಮಂದಿ ಹೊರಟಿದ್ದೇವೆ. ಕಾರ್ಯಕ್ರಮ ಮುಗಿದ ಮೇಲೆ ನಿಧಾನವಾಗಿ ಫೋಟೊ ತೆಗೆಸಿಕೊಂಡರಾಯಿತು ಅಂದುಕೊಂಡಿದ್ದೇವೆ. ಬೇರೆ ತಯಾರಿ ಏನಾದರೂ ಬೇಕೆ?

ಉತ್ತರ: ದಯವಿಟ್ಟು ಕುಟುಂಬದ ಫೋಟೊವನ್ನು ಕಾರ್ಯಕ್ರಮಕ್ಕೆ ಮುಂಚೆಯೇ ಮುಗಿಸಿಬಿಡಿ. ಮುಗಿದ ಮೇಲೆ ಜನವೆಲ್ಲ ಒಟ್ಟಿಗೆ ಹೊರಗೆ ಬರುತ್ತಾರೆ, ಫೋನ್ ಸರಿಯಾಗಿ ಸಿಗುವುದಿಲ್ಲ, ಚೆನ್ನಾಗಿರುವ ಜಾಗದ ಮುಂದೆಲ್ಲ ಸಾಲು ನಿಂತಿರುತ್ತದೆ. ಅಷ್ಟರಲ್ಲಿ ಅಜ್ಜಿಯ ಕಾಲು ಸೋತಿರುತ್ತದೆ, ಮಗು ನಿದ್ದೆಗೆ ಹಟ ಹಿಡಿದಿರುತ್ತದೆ, ಮಗಳು ಗೌನು ವಾಪಸ್ ಕೊಡುವ ಗಡಿಬಿಡಿಯಲ್ಲಿರುತ್ತಾಳೆ. ಬೆಳಿಗ್ಗೆಯಾದರೆ ಎಲ್ಲರ ಮುಖದಲ್ಲೂ ಕಳೆ ಇರುತ್ತದೆ, ಬೆಳಕೂ ಮೃದುವಾಗಿರುತ್ತದೆ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಿ. ವಿದ್ಯಾರ್ಥಿಗಳು 9.30ಕ್ಕೆ ಹಾಜರಿರಬೇಕು ಎಂದಿಟ್ಟುಕೊಳ್ಳಿ. ಮಗಳು 9.15ಕ್ಕೆ ನಿಮ್ಮಿಂದ ಹೊರಡಬೇಕು. ಫೋಟೊಗೆ 25 ನಿಮಿಷ ಅಂದರೆ 8.50ಕ್ಕೆ ಶುರು. ಗಾಡಿ ನಿಲ್ಲಿಸಿ ನಡೆದು ಬರುವುದು, ಶೌಚಾಲಯ, ತಡವಾಗಿ ಬರುವವರು, ಇದಕ್ಕೆಲ್ಲ ಅರ್ಧ ಗಂಟೆ. ಆದ್ದರಿಂದ ನೆಂಟರಿಗೆಲ್ಲ 8.20 ಎಂದೇ ಹೇಳಿ. ಗೌನನ್ನು ಅಂದೇ ಬೆಳಿಗ್ಗೆ ಕೊಡುವುದಾದರೆ ಅದಕ್ಕೂ ಸಮಯ ಸೇರಿಸಿ. ಒಳಗೆ ಹೋದ ಮೇಲಷ್ಟೇ ಕೊಡುವ ಪದ್ಧತಿಯಿದ್ದರೆ ಫೋಟೊ ಕೊನೆಗೇ ಹೋಗುತ್ತದೆ. ಆಗ ಮುಖ್ಯ ದ್ವಾರದ ಬಳಿ ಸೇರುವುದು ಬೇಡ, ಎಲ್ಲರೂ ಅಲ್ಲೇ ಸೇರುತ್ತಾರೆ. ಗ್ರಂಥಾಲಯದ ಹಿಂಬದಿ, ಆಟದ ಮೈದಾನದ ಮೂಲೆ, ಇಂಥ ಒಂದು ಜಾಗವನ್ನು ಹಿಂದಿನ ದಿನವೇ ಗೊತ್ತುಮಾಡಿ. ಮೆಟ್ಟಿಲಿಲ್ಲದೆ ಅಜ್ಜಿ ಅಲ್ಲಿಗೆ ಹೋಗಲು ಆಗುತ್ತದೆಯೇ ಎಂದು ನಡೆದೇ ನೋಡಿ. ಗೌನು ವಾಪಸ್ ಕೊಡುವ ಕಡೆಯ ಗಳಿಗೆ ಯಾವುದು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಇನ್ನು ಫೋಟೊ. ಯಾರ ಜೊತೆ ಯಾರು ಎಂಬ ಪಟ್ಟಿಯನ್ನು ಕಾಗದದ ಮೇಲೆ ಹೆಸರು ಸಮೇತ ಬರೆಯಿರಿ. ‘ಅಮ್ಮನ ಕಡೆಯವರು’ ಎಂದು ಬರೆದರೆ ಚಿಕ್ಕಪ್ಪನೊಬ್ಬರು ಬಿಟ್ಟುಹೋಗುತ್ತಾರೆ, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ನಿಲ್ಲಿಸಿ, ಸರಿಮಾಡಿ, ತೆಗೆಯುವಷ್ಟರಲ್ಲಿ ಒಂದು ಗುಂಪಿಗೆ ಎರಡರಿಂದ ಮೂರು ನಿಮಿಷ ಹಿಡಿಯುತ್ತದೆ. 25 ನಿಮಿಷಕ್ಕೆ ಎಂಟು ಗುಂಪು ಸಾಕು. ಮೊದಲು ಹದಿನಾಲ್ಕೂ ಮಂದಿ. ಆಮೇಲೆ ಒಬ್ಬೊಬ್ಬರನ್ನೇ ಬಿಡುತ್ತ ಬನ್ನಿ: ಅಜ್ಜಿ ಮತ್ತು ಮಗು ಇರುವ ಫೋಟೊಗಳೆಲ್ಲ ಮೊದಲು, ಅಪ್ಪ-ಅಮ್ಮನ ಜೊತೆಗಿನವು ನಂತರ, ಮಗಳೊಬ್ಬಳದ್ದು ಕೊನೆಗೆ. ಮಗಳು ನಿಂತ ಜಾಗದಿಂದ ಕದಲಬಾರದು, ಉಳಿದವರು ಬಂದು ಹೋಗಲಿ. ಇಲ್ಲದಿದ್ದರೆ ಪ್ರತಿ ಸಲವೂ ಗೌನು, ಹುಡ್ಡು (ಗೌನಿನ ಮೇಲೆ ಕತ್ತಿನಿಂದ ಬೆನ್ನಿಗೆ ಇಳಿಬಿಡುವ ಬಣ್ಣದ ಬಟ್ಟೆ) ಸರಿಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಹೆಸರು ಕೂಗಿ ಕರೆಯುವ ಕೆಲಸ ಫೋಟೊ ತೆಗೆಯುವವರದ್ದಲ್ಲ, ನೆಂಟರನ್ನೆಲ್ಲ ಬಲ್ಲ ಗಟ್ಟಿ ದನಿಯ ಒಬ್ಬರದ್ದು.

ಎರಡು ಸಾಲು ಮಾಡಿದಾಗ ಹಿಂದಿನವರ ಗಲ್ಲ ಮುಂದಿನ ಇಬ್ಬರ ತಲೆಗಳ ನಡುವಿನ ಸಂದಿಯಲ್ಲಿ ಬರಲಿ. ಎಷ್ಟು ಸಲ ಕ್ಲಿಕ್ಕಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಯಾರೂ ಕಣ್ಣು ಮುಚ್ಚದ ಒಂದು ಫೋಟೊ ಸಿಗಲು ಎಷ್ಟು ತೆಗೆಯಬೇಕೆಂದು ಗಣಿಸಿದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅವರಿಗೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್‌ನ 2006ರ ಗಣಿತ ಬಹುಮಾನ ಬಂತು. ಅವರ ಸೂತ್ರ ಇಪ್ಪತ್ತಕ್ಕಿಂತ ಕಡಿಮೆ ಜನರಿಗೆ: ಒಳ್ಳೆಯ ಬೆಳಕಿದ್ದರೆ ತಲೆ ಎಣಿಕೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ ಎರಡರಿಂದ. ನಿಮ್ಮ 14 ಮಂದಿಗೆ ಹೊರಗಡೆ ಐದು, ಒಳಗಡೆ ಏಳು.

ಪ್ರಶ್ನೆ: ಸಭಾಂಗಣದೊಳಗೆ ತೆಗೆದ ಫೋಟೊಗಳಲ್ಲಿ ಮುಖ ಸುಣ್ಣ ಬಳಿದಂತೆ ಬೆಳ್ಳಗೆ ಬರುತ್ತದೆ. ಕೆಲವದರಲ್ಲಿ ಅಡ್ಡಪಟ್ಟಿಗಳು. ಹೆಸರು ಕರೆದಾಗ ಸರಿಯಾದ ಗಳಿಗೆಯೂ ತಪ್ಪಿಹೋಗುತ್ತದೆ. ಏನು ಮಾಡಬೇಕು?

ಉತ್ತರ: ಮುಖ ಬೆಳ್ಳಗಾಗುವುದಕ್ಕೆ ಕಾರಣ ಕಪ್ಪು ಗೌನು. ಕ್ಯಾಮೆರಾ ಚಿತ್ರದ ಸರಾಸರಿಯನ್ನು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕತ್ತಲೆಯೆಂದು ಭಾವಿಸಿ ಬೆಳಕು ಏರಿಸುತ್ತದೆ, ಗೌನು ಬೂದಾಗುತ್ತದೆ, ಮುಖ ಸುಟ್ಟುಹೋಗುತ್ತದೆ. ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ತುಸು ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಆಯ್ಕೆ) ಮೈನಸ್ 0.3ರಿಂದ 0.7 ಇಡಿ.

ಅಡ್ಡಪಟ್ಟಿ ಬರುವುದು ದೀಪದ ಮಿನುಗಿನಿಂದ. ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವ ಕಡೆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ ಶಟರ್ (ಬೆಳಕನ್ನು ಒಳಬಿಡುವ ಅವಧಿ) 1/100 ಅಥವಾ 1/50 ಸೆಕೆಂಡ್ ಇಟ್ಟರೆ ಒಂದೊಂದು ಚಿತ್ರಕ್ಕೂ ಪೂರ್ತಿ ಮಿನುಗು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. 60 ಹರ್ಟ್ಸ್ ಇರುವ ಕಡೆ 1/120 ಅಥವಾ 1/60. ಈ ವೇಗದಲ್ಲಿ ನಡೆಯುವವರು ಮಸುಕಾಗುತ್ತಾರೆ, ಹಾಗಾಗಿ ನಡಿಗೆಯನ್ನು ಬಿಟ್ಟು ಪದವಿ ಪತ್ರ ಕೈಗೆ ಬಂದು ಇಬ್ಬರೂ ಒಂದು ಕ್ಷಣ ನಿಲ್ಲುವುದನ್ನು ಕಾಯಿರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600–3200 ಬೇಕಾಗಬಹುದು, ಚಿತ್ರದಲ್ಲಿ ಮರಳು ಚೆಲ್ಲಿದಂತೆ ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ. ಅಲುಗಿದ ಚಿತ್ರವನ್ನು ಆಮೇಲೆ ಪೂರ್ತಿ ಸರಿಮಾಡುವುದು ಕಷ್ಟ.

ಗಳಿಗೆ ತಪ್ಪದಿರಲು ಗಡಿಯಾರ ನೋಡಿ. ಮೊದಲ ಹತ್ತು ಹೆಸರಿಗೆ 80 ಸೆಕೆಂಡ್ ಹಿಡಿದರೆ ಒಬ್ಬರಿಗೆ ಎಂಟು. ನಿಮ್ಮವರದು 220ನೇ ಹೆಸರಾದರೆ 1760 ಸೆಕೆಂಡ್, ಅಂದರೆ ಸುಮಾರು 29 ನಿಮಿಷ. ಸಾಲು, ಕ್ರಮಸಂಖ್ಯೆ, ವೇದಿಕೆ ಹತ್ತುವ ಬದಿ, ಈ ಮೂರನ್ನೂ ವಿದ್ಯಾರ್ಥಿಯಿಂದ ಮೊದಲೇ ಕೇಳಿಕೊಳ್ಳಿ, ಮತ್ತು ಇಳಿಯುವ ಬದಿಗೆ ಹತ್ತಿರ ಕೂರಿ: ಹತ್ತುವಾಗ ಮುಖದಲ್ಲಿ ಆತಂಕ, ಇಳಿಯುವಾಗ ನಗು. ವಿಡಿಯೊ ಮಾಡುವವರು ಮೂರು ಹೆಸರು ಮುಂಚೆ ಶುರುಮಾಡಿದರೆ ಸಾಕು. 4ಕೆ ವಿಡಿಯೊ ಫೋನಿಗೆ ತಕ್ಕಂತೆ ನಿಮಿಷಕ್ಕೆ 170ರಿಂದ 400 ಎಂಬಿ ನುಂಗುತ್ತದೆ. ಮೊದಲಿನಿಂದ ಚಿತ್ರಿಸುತ್ತ ಕೂತರೆ ಬೇಕಾದ ಹೊತ್ತಿಗೆ ಜಾಗವೂ ಇಲ್ಲ, ಬ್ಯಾಟರಿಯೂ ಇಲ್ಲ.

ಪ್ರಶ್ನೆ: ನಮ್ಮ ಫೋಟೊದ ಹೊತ್ತು ಸರಿಯಾಗಿ ಮಧ್ಯಾಹ್ನ 12 ಗಂಟೆ. ಬಿಸಿಲಿಗೆ ಫೋಟೊದಲ್ಲಿ ಕಣ್ಣೇ ಕಾಣುವುದಿಲ್ಲ.

ಉತ್ತರ: ಚೌಕ ಟೋಪಿಯ ಅಂಚು ನೆತ್ತಿಯ ಬಿಸಿಲಿಗೆ ಕಣ್ಣಿನವರೆಗೂ ನೆರಳು ಬೀರುತ್ತದೆ. ಕಟ್ಟಡದ ನೆರಳು ಬಿದ್ದ ಕಡೆಗೆ ಹೋಗಿ, ಬಯಲಿಗೆ ಮುಖ ಮಾಡಿ ನಿಲ್ಲಿ, ಬೆಳಕು ಮುಂದಿನಿಂದ ಮುಖಕ್ಕೆ ಬರುತ್ತದೆ. ಮರದಡಿ ಬೇಡ, ಎಲೆಗಳ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಫೋನಿನ 0.5 ಎಂಬ ಅಗಲ ನೋಟದ ಲೆನ್ಸ್‌ನಲ್ಲಿ ಗುಂಪಿನ ಫೋಟೊ ತೆಗೆಯಬೇಡಿ, ಅಂಚಿನಲ್ಲಿ ನಿಂತವರ ಮುಖ ಅಗಲವಾಗಿ ಎಳೆದಂತೆ ಬರುತ್ತದೆ. ನಾಲ್ಕೈದು ಹೆಜ್ಜೆ ಹಿಂದೆ ಹೋಗಿ 1 ಅಥವಾ 2 ಇಟ್ಟು ತೆಗೆಯಿರಿ. ದೊಡ್ಡ ಕ್ಯಾಮೆರಾ ಇದ್ದವರು ಎರಡು ಸಾಲಿಗೆ ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಂಡಿಯ ಅಳತೆ) ಎಫ್ 5.6ರಿಂದ 8 ಇಡಿ. ಎಫ್ 1.8 ಇಟ್ಟರೆ ಹಿಂದಿನ ಸಾಲು ಮಸುಕಾಗುತ್ತದೆ. ತೆಗೆಯುವ ಮುನ್ನ ಫೋನಿನ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿ. ಬೆಳಿಗ್ಗೆಯಿಂದ ಎಲ್ಲರ ಕೈಯಲ್ಲೂ ಓಡಾಡಿದ ಫೋನು ಅದು.

ಪ್ರಶ್ನೆ: ಪದವಿ ಪಡೆಯುತ್ತಿರುವವಳು ನಾನೇ. ಗೌನು ಮಡಿಕೆ ಮಡಿಕೆಯಾಗಿ ಬಂದಿದೆ. ಕನ್ನಡಕ ಬೇರೆ ಹಾಕುತ್ತೇನೆ.

ಉತ್ತರ: ಮೊದಲು ಗೌನನ್ನು ಇವತ್ತೇ ಹ್ಯಾಂಗರಿಗೆ ಹಾಕಿ. ಪಾಲಿಯೆಸ್ಟರ್ ಆದರೆ ಬಿಸಿ ಇಸ್ತ್ರಿ ತಾಗಿಸಿದ ಜಾಗ ಹೊಳಪು ಹತ್ತಿ ಅಂಟುತ್ತದೆ. ಕಡಿಮೆ ಬಿಸಿ, ಒಳಮೈ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ. ಹುಡ್ಡು ಹಿಂದಕ್ಕೆ ಜಾರಿ ಕತ್ತು ಹಿಡಿಯುತ್ತದೆ, ಎರಡೂ ಭುಜದಲ್ಲಿ ಒಳಗಿನಿಂದ ಒಂದೊಂದು ಸೇಫ್ಟಿ ಪಿನ್ ಹಾಕಿ. ಟೋಪಿ ನೆಲಕ್ಕೆ ಸಮವಾಗಿ, ಹುಬ್ಬಿಗಿಂತ ಎರಡು ಬೆರಳು ಮೇಲಿರಲಿ. ಹಿಂದಕ್ಕೆ ವಾಲಿಸಿದರೆ ಜಾರುತ್ತದೆ, ನಾಲ್ಕು ಹೇರ್ ಪಿನ್ ಜೊತೆಗಿರಲಿ. ಬಿಸಿಲಿಗೆ ಬಣ್ಣ ಬದಲಿಸುವ ಕನ್ನಡಕವಾದರೆ ಹಳೆಯ ಸಾದಾ ಜೋಡಿಯನ್ನು ತನ್ನಿ. ನೆರಳಿಗೆ ಬಂದ ಮೇಲೂ ಅದು ತಿಳಿಯಾಗಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಫೋಟೊ ಮುಗಿದಿರುತ್ತದೆ. ಗಾಜಿನಲ್ಲಿ ಬೆಳಕು ಹೊಳೆದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿ, ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ.

ಪ್ರಶ್ನೆ: ಅಪ್ಪ-ಅಮ್ಮ ಬೇರೆಯಾಗಿದ್ದಾರೆ. ಇಬ್ಬರೂ ಬರುತ್ತಾರೆ. ಫೋಟೊ ಹೊತ್ತಿಗೆ ಮುಜುಗರ ಆಗದಂತೆ ಹೇಗೆ?

ಉತ್ತರ: ಅಲ್ಲಿ ನಿಂತು ನಿರ್ಧರಿಸುವ ಪರಿಸ್ಥಿತಿ ಬರಬಾರದು. ವಾರ ಮುಂಚೆ ಇಬ್ಬರಿಗೂ ಒಂದೇ ಒಕ್ಕಣೆಯ ಸಂದೇಶ ಕಳಿಸಿ: ಅಮ್ಮನ ಜೊತೆ 8.50ಕ್ಕೆ, ಅಪ್ಪನ ಜೊತೆ 9.05ಕ್ಕೆ, ಇಬ್ಬರಿಗೂ ಹತ್ತು ಹತ್ತು ನಿಮಿಷ. ಮೂವರೂ ಒಟ್ಟಿಗಿರುವ ಫೋಟೊ ಬೇಕೆನಿಸಿದರೆ ಈಗಲೇ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ, ಇಬ್ಬರೂ ಒಪ್ಪಿದರೆ ಮಾತ್ರ ಪಟ್ಟಿಗೆ ಸೇರಿಸಿ. ‘ಈಗ ಎಲ್ಲರೂ ಬನ್ನಿ’ ಎಂದು ಕರೆಯಬಾರದೆಂದು ಫೋಟೊ ತೆಗೆಯುವವರಿಗೂ ಹೇಳಿಡಿ. ಆಸನಗಳು ಒಂದೇ ಸಾಲಿನಲ್ಲಿ ಬಂದಿದ್ದರೆ ನಡುವೆ ಇಬ್ಬರಿಗೂ ಹತ್ತಿರದವರೊಬ್ಬರು ಕೂರಲಿ.

ಪ್ರಶ್ನೆ: ಹೋದ ವರ್ಷ ನೆಂಟರು ಕಳಿಸಿದ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಮಬ್ಬಾಯಿತು. ಯಾಕೆ?

ಉತ್ತರ: ಮೆಸೇಜಿಂಗ್ ಆ್ಯಪ್‌ಗಳು ಫೋಟೊವನ್ನು ಕುಗ್ಗಿಸಿ ಕಳಿಸುತ್ತವೆ. 8×10 ಇಂಚಿನ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300ರಂತೆ 2400×3000 ಪಿಕ್ಸೆಲ್ ಬೇಕು. ಫೋಟೊವಾಗಿ ಕಳಿಸದೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಅಥವಾ ಎಲ್ಲರೂ ಮೂಲ ಫೈಲ್ ಹಾಕುವಂತೆ ಒಂದು ಹಂಚಿಕೆಯ ಫೋಲ್ಡರ್ ತೆರೆದು ಅದರ ಕೊಂಡಿಯನ್ನು ಹಿಂದಿನ ದಿನವೇ ಕಳಿಸಿಬಿಡಿ. ಜಾಗ ಸಾಲದೆಂದು ನೆಂಟರು ಫೋನಿನಿಂದ ಅಳಿಸುವುದು ಬಹುಬೇಗ, ಆ ರಾತ್ರಿಯೇ ಕೇಳಿ ತರಿಸಿಕೊಳ್ಳಿ.